ಏರುಮಡಿಯ ಎತ್ತರ ಯಾವ ಲೆಕ್ಕದ್ದು?

ಸಸಿ ಮಾಡುವವರ ಕಷ್ಟ ಮೊಳಕೆ ಬರುವ ತನಕದ್ದಲ್ಲ. ಅಡಿಕೆ ಗೋಟನ್ನು, ಅಂದರೆ ಪೂರ್ತಿ ಹಣ್ಣಾದ ಕಾಯಿಯನ್ನು, ಮರಳಿನಲ್ಲಿ ಹೂತಿಟ್ಟರೆ ಮೊಳೆಯುತ್ತದೆ. ಕರಿಮೆಣಸಿನ ಹಬ್ಬುಬಳ್ಳಿಯ ತುಂಡು ತೇವದಲ್ಲಿದ್ದರೆ ಗಿಣ್ಣಿನಿಂದ ಬೇರು ಬಿಡುತ್ತದೆ. ಅಷ್ಟಕ್ಕೆ ಬೇಕಾದ ಆಹಾರ ಬೀಜದೊಳಗೆ, ಕಾಂಡದೊಳಗೆ ಇದ್ದೇ ಇರುತ್ತದೆ. ಅದು ಮುಗಿದ ಮೇಲೆ, ತೋಟದ ಗುಂಡಿಗೆ ಇಳಿಸುವಷ್ಟು ಬಲ ಬರುವ ತನಕ ನಡುವೆ ಒಂದು ಕಾಲ ಇದೆಯಲ್ಲ, ಲಾಭ ನಷ್ಟ ತೀರ್ಮಾನವಾಗುವುದು ಅಲ್ಲಿ. ಕರಿಮೆಣಸಿಗೆ ಈ ಕಾಲ ಮೂರು ತಿಂಗಳ ಆಚೀಚೆ: ಫೆಬ್ರುವರಿ, ಮಾರ್ಚ್‌ನಲ್ಲಿ ಕತ್ತರಿಸಿ ನೆಟ್ಟದ್ದು ಮೇ ಕೊನೆಗೋ ಜೂನ್‌ಗೋ ತೋಟಕ್ಕೆ ಹೋಗುತ್ತದೆ. ಅಡಿಕೆಗೆ ಒಂದರಿಂದ ಒಂದೂವರೆ ವರ್ಷ. ಅಂದರೆ ಅಡಿಕೆ ಸಸಿ ಮಲೆನಾಡಿನ ಇಡೀ ಒಂದು ಮಳೆಗಾಲವನ್ನು ಸಸಿಮಡಿಯಲ್ಲೇ ಕಳೆಯಬೇಕು.

ಏರುಮಡಿ ಇರುವುದು ಈ ನಡುಗಾಲಕ್ಕಾಗಿ. ನೆಲದಿಂದ ಸುಮಾರು 15 ಸೆಂಟಿಮೀಟರ್ ಎತ್ತರಿಸಿದ, ಒಂದರಿಂದ ಒಂದೂವರೆ ಮೀಟರ್ ಅಗಲದ ಮಣ್ಣಿನ ಹಾಸು, ಅಷ್ಟೇ. ಕೃಷಿ ಕೈಪಿಡಿಗಳೆಲ್ಲ ಈ ಅಳತೆಯನ್ನು ಕೊಡುತ್ತವೆ, ಕಾರಣ ಹೇಳುವುದು ಕಡಿಮೆ. ಕಾರಣ ಗೊತ್ತಿಲ್ಲದಿದ್ದರೆ ಏನಾಗುತ್ತದೆಂದರೆ, ಮಡಿಯನ್ನು ಎತ್ತರಿಸಿ, ಸುತ್ತ ಸಿಮೆಂಟಿನಲ್ಲಿ ಕಲ್ಲು ಕಟ್ಟಿ, ಅಡಿಗೆ ಜಲ್ಲಿ ಹರಡಿ, ಕೊನೆಗೆ ಎತ್ತರಿಸಿದ ಪ್ರಯೋಜನವನ್ನೇ ಕಳೆದುಕೊಳ್ಳುತ್ತೇವೆ.

ಕಾರಣ ನೋಡುವುದಕ್ಕೆ ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜು ಸಾಕು. ಅದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ, ಅಂಗೈಯಂತೆ ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ಸುರಿದು ನಿಲ್ಲುತ್ತದೆ. ಈಗ ಅದನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲುವಂತೆ ತಿರುಗಿಸಿ. ಯಾರೂ ಹಿಂಡದೆಯೇ ಮತ್ತಷ್ಟು ನೀರು ಇಳಿಯುತ್ತದೆ. ನಿಂತ ಮೇಲೆ ಗಿಡ್ಡ ಅಂಚಿನ ಮೇಲೆ, ನೆಟ್ಟಗೆ ನಿಲ್ಲಿಸಿ. ಮತ್ತೆ ಇಳಿಯುತ್ತದೆ. ಸ್ಪಂಜು ಅದೇ, ರಂಧ್ರಗಳು ಅವೇ. ಬದಲಾದದ್ದು ಎತ್ತರ ಮಾತ್ರ. ನೀರನ್ನು ಭೂಮಿಯ ಸೆಳೆತ ಕೆಳಗೆಳೆಯುತ್ತದೆ, ಸಣ್ಣ ರಂಧ್ರಗಳು ಹಿಡಿದುಕೊಳ್ಳುತ್ತವೆ. ಈ ಜಗ್ಗಾಟದಲ್ಲಿ ತಳದಲ್ಲಿ ಒಂದು ಪದರ ಯಾವಾಗಲೂ ನೀರು ತುಂಬಿಕೊಂಡೇ ಉಳಿಯುತ್ತದೆ. ಆ ಪದರ ಎಷ್ಟು ದಪ್ಪ ಎನ್ನುವುದನ್ನು ನಿರ್ಧರಿಸುವುದು ರಂಧ್ರಗಳ ಗಾತ್ರ, ಸ್ಪಂಜಿನ ಎತ್ತರವಲ್ಲ. ಹಾಗಾಗಿ ಎತ್ತರ ಹೆಚ್ಚಾದಷ್ಟೂ, ತಳದ ಆ ಪದರ ಹಾಗೆಯೇ ಇದ್ದು, ಅದರ ಮೇಲೆ ಗಾಳಿಯಾಡುವ ಭಾಗ ಹೆಚ್ಚುತ್ತದೆ.

ಮಣ್ಣಿಗೂ ಇದೇ ನಿಯಮ. ಜುಲೈಯಲ್ಲಿ ಜಿಗುಟು ಮಣ್ಣಿನ ಸಮತಟ್ಟಾದ ಜಾಗದಲ್ಲಿ ನೀರು ನೆಲಮಟ್ಟಕ್ಕೇ ಬಂದು ನಿಂತಿರುತ್ತದೆ. ಅಲ್ಲಿ ನೆಲದಲ್ಲೇ ನೆಟ್ಟ ಸಸಿಯ ಬೇರು ಪೂರ್ತಿ ಆ ತುಂಬಿದ ಪದರದಲ್ಲಿ ಮುಳುಗಿರುತ್ತದೆ. ಅದೇ ಸಸಿಯನ್ನು 15 ಸೆಂಟಿಮೀಟರ್ ಮೇಲೆತ್ತಿದರೆ ಎಳೆಬೇರು ಓಡಾಡುವ ಮೇಲುಪದರ ನೀರಿನಿಂದ ಪಾರಾಗುತ್ತದೆ. ಏರುಮಡಿಯ ಎತ್ತರ ಬೇರಿಗೆ ಗಾಳಿ ಕೊಡುವ ಎತ್ತರ. ಮಣ್ಣು ಹೆಚ್ಚು ಸಿಗಲಿ, ಗೊಬ್ಬರ ಹೆಚ್ಚು ಹಿಡಿಸಲಿ ಎಂಬುದೆಲ್ಲ ಆಮೇಲಿನ ಮಾತು.

ಬೇರಿಗೆ ಗಾಳಿ ಯಾಕೆ? ಬೇರೂ ಉಸಿರಾಡುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿತೆಂದರೆ ಬೇರು, ಮಣ್ಣಿನ ಸೂಕ್ಷ್ಮಜೀವಿಗಳು ಎಲ್ಲ ಸೇರಿ ಇದ್ದ ಆಮ್ಲಜನಕವನ್ನು ಬೇಗ ಖಾಲಿಮಾಡುತ್ತವೆ, ಹೊಸದು ಬಂದು ತಲುಪುವುದಿಲ್ಲ. ಹಳೆಯ ಮರ ಇದನ್ನು ಕೆಲವು ದಿನ ತಡೆದುಕೊಳ್ಳುತ್ತದೆ. ಕತ್ತರಿಸಿ ನೆಟ್ಟ ಕಡ್ಡಿಯಿಂದ ಆಗತಾನೇ ಬಂದ ಬೇರು ತಡೆಯುವುದಿಲ್ಲ. ಅದಕ್ಕೆ ಕವಲುಗಳಿಲ್ಲ, ತಾಯಿಬೇರಿನ ಆಸರೆಯಿಲ್ಲ; ಇರುವ ನಾಲ್ಕಾರು ಎಳೆಗಳೇ ಎಲ್ಲ.

ಇನ್ನೊಂದು ಕಾರಣ ರೋಗ. ಎಳೆಸಸಿಯ ಬುಡ ಕೊಳೆತು ಬೀಳುವ ರೋಗಕ್ಕೆ ಪಿಥಿಯಂ, ಫೈಟೋಫ್ಥೊರಾ, ರೈಜೋಕ್ಟೋನಿಯಾ ಮುಖ್ಯ ಕಾರಣಗಳು. ಇವುಗಳಲ್ಲಿ ಮೊದಲ ಎರಡನ್ನು ಎಲ್ಲರೂ ಶಿಲೀಂಧ್ರ ಎಂದೇ ಕರೆಯುತ್ತೇವಾದರೂ ವಂಶದ ಲೆಕ್ಕದಲ್ಲಿ ಅವು ಕಂದು ಪಾಚಿಗಳಿಗೆ ಹತ್ತಿರದವು. ಅವುಗಳ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜಿಕೊಂಡು ಬೇರನ್ನು ಹುಡುಕಿ ಹೋಗುತ್ತವೆ. ನಿಂತ ನೀರಿಲ್ಲದಿದ್ದರೆ ಈಜುವುದೆಲ್ಲಿ? ಒಂದು ಮೂಲೆಯಲ್ಲಿ ಒಂದು ಸಸಿ ಬಿದ್ದದ್ದು ಮೂರು ದಿನದಲ್ಲಿ ವೃತ್ತಾಕಾರವಾಗಿ ಹರಡುವುದು ಹೀಗೆ. ಔಷಧಿ ಹುಡುಕುವ ಮೊದಲು ಗುದ್ದಲಿ ಹಿಡಿದು ನೀರು ಬಿಡಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಸಿ ಬಾಡಿದೆ, ಆದರೆ ಮಣ್ಣು ಒದ್ದೆಯಿದೆ ಎಂದರೆ ನೀರು ಹಾಕಬೇಡಿ. ಒಂದು ಸಸಿಯನ್ನು ಕಿತ್ತು ನೋಡಿ. ಆರೋಗ್ಯದ ಬೇರು ಬೆಳ್ಳಗಿರುತ್ತದೆ, ಎಳೆದರೆ ಪಟ್ಟೆಂದು ತುಂಡಾಗುತ್ತದೆ. ಕೊಳೆತ ಬೇರು ಕಂದು. ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಆ ಮಣ್ಣನ್ನು ಮೂಸಿದರೆ ಹುಳಿವಾಸನೆ. ಒದ್ದೆ ಮಣ್ಣಿನಲ್ಲಿ ಗಿಡ ಬಾಡುವುದು ನೀರು ಹೀರುವ ಬೇರೇ ಇಲ್ಲದ್ದರಿಂದ.

ಎತ್ತರಕ್ಕಿಂತ ದಾರಿ ಮುಖ್ಯ

ಮಡಿಯ ಎತ್ತರವನ್ನು ಅಳೆಯಬೇಕಾದದ್ದು ಪಕ್ಕದ ನಡೆದಾರಿಯ ತಳದಿಂದ. ಹೊರಗಿನಿಂದ ಮಣ್ಣು ತಂದು ಸುರಿಯುವ ಮೊದಲು ಎರಡು ಮಡಿಗಳ ನಡುವಿನ ದಾರಿಯನ್ನು ಒಂದು ಅಡಿ ಅಗಲಕ್ಕೆ, ನಾಲ್ಕು ಬೆರಳು ಆಳಕ್ಕೆ ತೋಡಿ ಆ ಮಣ್ಣನ್ನು ಮಡಿಯ ಮೇಲೆ ಎಳೆದರೆ ಅರ್ಧ ಕೆಲಸ ಮುಗಿಯುತ್ತದೆ. ದಾರಿಯೇ ಬಸಿಗಾಲುವೆ. ಅಡಿಕೆ ತೋಟದ ಬಸಿಗಾಲುವೆಗೆ ಕೊನೆಯಲ್ಲೊಂದು ಹರಿವು ಬೇಕಾಗುವಂತೆ ಇದಕ್ಕೂ ಬೇಕು. ನಾಲ್ಕೂ ಕಡೆ ಮುಚ್ಚಿದ ದಾರಿಯಲ್ಲಿ ನೀರು ನಿಂತರೆ ಮಡಿಯನ್ನು ಎಷ್ಟು ಎತ್ತರಿಸಿದರೂ ಅದು ಅಡಿಯಿಂದ ನೀರು ಹೀರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಮಡಿಯನ್ನು ಇಳುಕಲಿಗೆ ಅಡ್ಡಲಾಗಿ ಮಾಡಿ, ಮೇಲ್ಭಾಗದಿಂದ ಹರಿದುಬರುವ ನೀರನ್ನು ಒಂದು ಚರಂಡಿಯಲ್ಲಿ ತಡೆದು ಪಕ್ಕಕ್ಕೆ ಬಿಡಬೇಕು.

ಅಗಲದ ಲೆಕ್ಕ ಸರಳ. ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟಬೇಕು, ಮಡಿಯ ಮೇಲೆ ಕಾಲಿಡುವಂತಾಗಬಾರದು. ತುಳಿದ ಮಣ್ಣಿನ ದೊಡ್ಡ ಸಂದುಗಳು ಮುಚ್ಚಿಹೋಗುತ್ತವೆ, ಉಳಿಯುವುದು ನೀರು ಹಿಡಿಯುವ ಸಣ್ಣ ಸಂದುಗಳು. ಅಂಚು ಜರಿಯದಂತೆ ಅಡಿಕೆ ಮರ ಸೀಳಿದ ದಬ್ಬೆ ಕೊಡುವುದು ನಮ್ಮ ಕಡೆಯ ರೂಢಿ. ಗೆದ್ದಲು ಹಿಡಿದು ಬೇಗ ಹಾಳಾಗುತ್ತದೆ ನಿಜ, ಆದರೆ ಅದರ ಸಂದಿಯಿಂದ ನೀರು ಬಸಿಯುತ್ತದೆ. ಸಿಮೆಂಟು ಹಾಕಿ ಕಟ್ಟಿದ ಅಂಚು ನೂರು ವರ್ಷ ಬಾಳುತ್ತದೇನೋ. ಅದರೊಳಗಿನ ಸಸಿಯ ಮಾತು ಬೇರೆ.

ಜಲ್ಲಿಯ ವಿಷಯಕ್ಕೆ ಬರೋಣ. ಅಡಿಯಲ್ಲಿ ಜಲ್ಲಿಯೋ ಹೆಂಚಿನ ಚೂರೋ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ನಡೆಯುವುದು ಉಲ್ಟಾ. ಸಣ್ಣ ಸಂದಿನ ಮಣ್ಣಿನಲ್ಲಿರುವ ನೀರು ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ತುಂಬಿ ತೊಟ್ಟಿಕ್ಕುವ ಸ್ಥಿತಿಗೆ ಬಂದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ತಳದಲ್ಲಿರಬೇಕಾಗಿದ್ದ ಆ ನೀರುತುಂಬಿದ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರಿ ಕೂರುತ್ತದೆ. ಬೆಂಗಳೂರಿನ ತಾರಸಿಗಳಲ್ಲಿ ಇಡುವ ತಳವಿರುವ ಪೆಟ್ಟಿಗೆಗಳಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಜಲ್ಲಿಯ ಬದಲು ಅಷ್ಟೂ ಎತ್ತರಕ್ಕೆ ಹಗುರ ಮಣ್ಣನ್ನೇ ತುಂಬಬೇಕು, ತೂತುಗಳು ಮುಚ್ಚದಂತೆ ಒಂದು ಬಲೆಯ ತುಂಡು ಹಾಕಿದರೆ ಸಾಕು. ನೆಲದ ಮೇಲಿನ ಮಡಿಗಾದರೆ ಮೊದಲು ಕೆಳಗಿನ ನೆಲವನ್ನು ಗುದ್ದಲಿಯಿಂದ ಸಡಿಲಿಸಿ, ಮೇಲಿನ ಮಣ್ಣಿಗೂ ಅದಕ್ಕೂ ಬೆಸುಗೆಯಾಗುವಂತೆ ಮಾಡುವುದೇ ಸರಿ.

ಕಡ್ಡಿಗೆ ಒಂದು, ಸಸಿಗೆ ಒಂದು

ಮಡಿಗೆ ಏನು ತುಂಬಬೇಕು ಎಂಬುದು ಅದರಲ್ಲಿ ಇಡುವುದು ಏನನ್ನು ಎಂಬುದರ ಮೇಲೆ ಹೋಗುತ್ತದೆ. ಇನ್ನೂ ಬೇರು ಬಾರದ ಕಡ್ಡಿಗೆ ಗೊಬ್ಬರ ಬೇಡವೇ ಬೇಡ. ಬೇರಿಲ್ಲದೆ ಅದು ಉಣ್ಣುವುದೇನನ್ನು? ಕತ್ತರಿಸಿದ ತುದಿ ಒಂದು ಗಾಯ. ಹಸಿ ಗೊಬ್ಬರದಲ್ಲಿಟ್ಟರೆ ಕೊಳೆಯುತ್ತದೆ. ಅಲ್ಲಿ ಮರಳು ಹೆಚ್ಚಿರುವ, ತೇವ ಇದ್ದೂ ಗಾಳಿಯಾಡುವ ಹಾಸು ಬೇಕು. ಬೇರು ಬಂದ ಮೇಲೆ, ಎರಡನೇ ಮಡಿಗೋ ಚೀಲಕ್ಕೋ ಹೋಗುವಾಗ ಗೊಬ್ಬರ ಬರಲಿ. ಕಾಫಿ ಸಸಿಗೆ ಹೇಳುವ ಮಿಶ್ರಣ ನೆನಪಿಡಲು ಸುಲಭ: ಜರಡಿ ಹಿಡಿದ ಕಾಡುಮಣ್ಣು ಆರು ಭಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಭಾಗ, ಮರಳು ಒಂದು ಭಾಗ. ಇದರಲ್ಲಿ ಮಣ್ಣಿನ ಪಾಲೇ ದೊಡ್ಡದು ಎಂಬುದನ್ನು ಗಮನಿಸಿ. ಬರೀ ಕಾಂಪೋಸ್ಟ್ ತುಂಬಿದ ಮಡಿ ಮೊದಲ ತಿಂಗಳು ಉಬ್ಬಿಕೊಂಡು ಚೆಂದ ಕಾಣುತ್ತದೆ. ಅದು ಕಳಿಯುತ್ತ ಹೋದಂತೆ ಮಡಿ ಕುಸಿಯುತ್ತದೆ, ಸರಿಯಾಗಿ ಮಳೆ ಜೋರಾಗುವ ಹೊತ್ತಿಗೆ ನಾವು ಕೊಟ್ಟ ಎತ್ತರ ಅರ್ಧಕ್ಕಿಳಿದಿರುತ್ತದೆ.

ಅಡಿಕೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ, ಯಾಕೆಂದರೆ ಮಡಿಯ ಪೂರ್ಣ ಪರೀಕ್ಷೆ ನಡೆಯುವುದು ಇಲ್ಲಿ. ಆರಿಸಿದ ಗೋಟುಗಳನ್ನು ಮರಳಿನ ಮಡಿಯಲ್ಲಿ ತೊಟ್ಟು ಮೇಲಾಗುವಂತೆ ನೆಟ್ಟಗೆ, ಸುಮಾರು ಐದು ಸೆಂಟಿಮೀಟರ್ ಅಂತರದಲ್ಲಿ ಇಡುತ್ತಾರೆ. ನಲವತ್ತು ದಿನ ದಾಟಿದ ಮೇಲೆ ಮೊಳಕೆ ಕಾಣಲು ಶುರು. ಮೂರು ತಿಂಗಳಿಗೆ ಎರಡು ಮೂರು ಎಲೆಯಾದಾಗ ಎರಡನೇ ಮಡಿಗೆ ವರ್ಗ. ಈ ಮಡಿ ಒಂದೂವರೆ ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ. ಸಸಿಯಿಂದ ಸಸಿಗೆ ಎಲ್ಲ ಕಡೆ 30 ಸೆಂಟಿಮೀಟರ್. ಆರು ಮೀಟರ್ ಉದ್ದದ ಒಂದು ಮಡಿಯಲ್ಲಿ ಐದು ಸಾಲು, ಸಾಲಿಗೆ ಇಪ್ಪತ್ತು, ಒಟ್ಟು ನೂರು ಸಸಿ. ತೋಟದಲ್ಲಿ 2.7 ಮೀಟರ್ ಅಂತರದಲ್ಲಿ ನೆಡುವುದಾದರೆ ಎಕರೆಗೆ ಸುಮಾರು 550 ಸಸಿ ಬೇಕು. ಕುಂಟಿದ್ದನ್ನು ಬಿಟ್ಟು ಆರಿಸಿಕೊಳ್ಳಲು ಅವಕಾಶವಿರಬೇಕಾದ್ದರಿಂದ ಎಕರೆಗೆ ಏಳೆಂಟು ಮಡಿ ಎಂದಿಟ್ಟುಕೊಳ್ಳಬಹುದು. ನೆರಳಿಗೆ ಕೆಲವರು ಮಡಿಯ ನಡುನಡುವೆ ಬಾಳೆ ಇಡುತ್ತಾರೆ, ಕೆಲವರು ಚಪ್ಪರ ಹಾಕಿ ತೊಂಡೆ ಹಬ್ಬಿಸುತ್ತಾರೆ. ಸಸಿಯ ಜೊತೆಗೆ ಪಲ್ಯಕ್ಕೂ ಆಯಿತು.

ಪಾಲಿಥೀನ್ ಚೀಲ ಬಂದ ಮೇಲೆ ಮಡಿಯಲ್ಲೇ ನೇರ ನೆಡುವುದು ಕಡಿಮೆಯಾಗಿದೆ. ಸಾಗಿಸಲು, ಮಾರಲು ಚೀಲ ಅನುಕೂಲ. ನನ್ನ ಮಟ್ಟಿಗೆ, ಸ್ವಂತ ತೋಟಕ್ಕೆ, ಅದೂ ಹತ್ತಿರದಲ್ಲೇ ನೆಡುವುದಕ್ಕಾದರೆ ಮಡಿಯ ಸಸಿಯೇ ಮೇಲು: ಬೇರು ಚೀಲದ ಗೋಡೆಗೆ ತಾಗಿ ಸುತ್ತಿಕೊಳ್ಳುವ ಪ್ರಶ್ನೆಯೇ ಇಲ್ಲ. ಚೀಲದಲ್ಲಿ ಬೆಳೆಸಿದರೂ ಏರುಮಡಿ ತಪ್ಪುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಗಿಡ್ಡ ಚೀಲದ ತಳದಲ್ಲಿ ಮೊದಲೇ ನೀರು ತುಂಬಿದ ಪದರವಿದೆ. ಅದನ್ನು ಅಂಗಳದ ಸಮತಟ್ಟಿನಲ್ಲಿ ಸಾಲಾಗಿ ಜೋಡಿಸಿದರೆ ಮಳೆನೀರು ಚೀಲಗಳ ನಡುವೆ ನಿಂತು, ಒಂದರ ರೋಗ ಇನ್ನೊಂದಕ್ಕೆ ಈಜಿಕೊಂಡು ಹೋಗಲು ದಾರಿಯಾಗುತ್ತದೆ. ಎತ್ತರಿಸಿದ ಹಾಸಿನ ಮೇಲೆ, ತಳದ ತೂತು ಮಣ್ಣಿಗೆ ತಾಗುವಂತೆ ಕೂರಿಸಿದರೆ ಕೆಳಗಿನ ಮಣ್ಣು ಚೀಲದ ನೀರನ್ನು ಎಳೆದುಕೊಳ್ಳುತ್ತದೆ. ಕರಿಮೆಣಸಿಗಂತೂ ಇದು ಜೀವದ ಪ್ರಶ್ನೆ. ತೋಟದಲ್ಲಿ ಬಳ್ಳಿಯನ್ನು ದಿನಗಳಲ್ಲಿ ಮಲಗಿಸುವ ಶೀಘ್ರ ಸೊರಗು ರೋಗದ ಫೈಟೋಫ್ಥೊರಾ ಚೀಲದ ಮಣ್ಣಿನಲ್ಲೇ ತೋಟಕ್ಕೆ ಬರಬಹುದು.

ಹಬ್ಬುಬಳ್ಳಿಯ ಸಿದ್ಧತೆ ಇನ್ನೂ ಮೊದಲೇ ಶುರುವಾಗುತ್ತದೆ. ಒಳ್ಳೆಯ ಫಸಲು ಕೊಡುವ ತಾಯಿಬಳ್ಳಿಯ ಬುಡದಿಂದ ಹೊರಡುವ ಹಬ್ಬುಗಳನ್ನು ನೆಲಕ್ಕೆ ತಾಗಲು ಬಿಡದೆ, ಗೂಟಕ್ಕೆ ಸುರುಳಿ ಸುತ್ತಿಟ್ಟಿರಬೇಕು. ಕತ್ತರಿಸುವಾಗ ಎಲೆ ತೆಗೆದು ತೊಟ್ಟು ಬಿಟ್ಟು, ಎರಡು ಮೂರು ಗಿಣ್ಣಿನ ತುಂಡು ಮಾಡಿ, ಕನಿಷ್ಠ ಒಂದು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ಬುಡ ಯಾವುದು, ತುದಿ ಯಾವುದು ಎಂದು ಗೊತ್ತಾಗುವಂತೆ ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುವುದು ಒಳ್ಳೆಯ ಅಭ್ಯಾಸ. ರಾಶಿ ಹಾಕಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಕಾಫಿಯಲ್ಲಿ ಕೈಚಳಕ ಬೇಕಾಗುವುದು ಒಂದು ಕ್ಷಣದಲ್ಲಿ. ಡಿಸೆಂಬರ್, ಜನವರಿಯಲ್ಲಿ ಚಪ್ಪಟೆ ಮುಖ ಕೆಳಗಾಗಿ ಬಿತ್ತಿದ ಬೀಜ ಒಂದೂವರೆ ತಿಂಗಳಲ್ಲಿ ಮೇಲೆದ್ದು, ಬೀಜವನ್ನೇ ತಲೆಯ ಮೇಲೆ ಹೊತ್ತು ನಿಲ್ಲುತ್ತದೆ. ಟೋಪಿ ಹಂತ ಎನ್ನುವುದು ಇದನ್ನೇ. ಚೀಲಕ್ಕೋ ಎರಡನೇ ಮಡಿಗೋ ಕೀಳಬೇಕಾದದ್ದು ಆಗ. ಬೆರಳಿನಿಂದ ಮಾಡಿದ ಗಿಡ್ಡ ತೂತಿನಲ್ಲಿ ತುರುಕಿದರೆ ತಾಯಿಬೇರು ಮಡಚಿ ಕೊಕ್ಕೆಯಾಗುತ್ತದೆ. ಆ ಗಿಡ ಸಾಯುವುದಿಲ್ಲ, ಅದೇ ತೊಂದರೆ. ತೋಟಕ್ಕೆ ಹೋಗಿ, ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಅದು ಒಣಗಿದಾಗ ಕಿತ್ತು ನೋಡಿದರೆ ಕೊಕ್ಕೆ ಕಾಣುತ್ತದೆ. ಆದ್ದರಿಂದ ಬೇರಿಗಿಂತ ಆಳವಾಗಿ ಮೊನಚು ಕಡ್ಡಿಯಿಂದ ತೂತು ಮಾಡಿ, ಅತಿ ಉದ್ದವಿದ್ದ ಬೇರಿನ ತುದಿಯನ್ನು ಚಿವುಟಿ, ಸಸಿಯನ್ನು ಬೇಕಾದ್ದಕ್ಕಿಂತ ತುಸು ಕೆಳಗೆ ಇಳಿಸಿ, ಮತ್ತೆ ಮೆಲ್ಲಗೆ ಮೇಲಕ್ಕೆಳೆಯಬೇಕು. ಆ ಎಳೆತದಲ್ಲಿ ಬೇರು ನೆಟ್ಟಗಾಗುತ್ತದೆ. ಆಮೇಲೆ ಪಕ್ಕದಿಂದ ಮಣ್ಣು ಒತ್ತುವುದು. ಬೆಳಗಿನ ತಂಪಿನಲ್ಲೋ ಸಂಜೆಯೋ ಮಾಡುವ ಕೆಲಸ ಇದು.

ಟೊಮೆಟೊ, ಮೆಣಸಿನಕಾಯಿ, ಬದನೆಯ ಮಡಿಗಳ ಕಥೆ ಚಿಕ್ಕದು. ಮೂರ್ನಾಲ್ಕು ವಾರದಿಂದ ಆರು ವಾರದ ವಾಸ, ಸಾಲಿನಲ್ಲಿ ಬಿತ್ತನೆ, ಬಿಳಿನೊಣ ಬಾರದಂತೆ ಸಣ್ಣ ಕಣ್ಣಿನ ನೈಲಾನ್ ಬಲೆ. ಕೀಳುವ ಒಂದು ವಾರ ಮೊದಲು ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿದರೆ ಹೊಲದಲ್ಲಿ ಬಾಡುವುದಿಲ್ಲ.

ಬಿಸಿಲು, ಸುಣ್ಣ, ಮೈಲುತುತ್ತ

ಮಡಿಯ ಮಣ್ಣನ್ನು ಶುದ್ಧ ಮಾಡಲು ನಮ್ಮಲ್ಲಿ ಪುಕ್ಕಟೆ ಸಿಗುವುದು ಬೇಸಿಗೆ. ಮಡಿಯನ್ನು ಚೆನ್ನಾಗಿ ನೆನೆಸಿ, ಪಾರದರ್ಶಕ ತೆಳು ಪಾಲಿಥೀನ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗಿನ ಬಿಸಿಗೆ ರೋಗಾಣು, ಬೇರಿಗೆ ಹತ್ತುವ ಜಂತುಹುಳು, ಕಳೆಬೀಜ ಬಹಳಷ್ಟು ಸಾಯುತ್ತವೆ. ಕಪ್ಪು ಹಾಳೆ ಬೇಡ. ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ರೋಗಾಣುವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಬೆರೆಸುವುದಿದ್ದರೆ ಹಾಳೆ ತೆಗೆದ ಮೇಲೆ. ಮೊದಲೇ ಹಾಕಿದರೆ ಅದೂ ಬೆಂದುಹೋಗುತ್ತದೆ. ಫೆಬ್ರುವರಿಯಲ್ಲಿ ಕಡ್ಡಿ ನೆಡುವವರಿಗೆ ಈ ಬಿಸಿಲು ಸಮಯಕ್ಕೆ ಸಿಗದು, ಹಾಗಾಗಿ ಅವರು ಹಿಂದಿನ ಬೇಸಿಗೆಯಲ್ಲೇ ಮಣ್ಣು ಕಾಯಿಸಿ ಮಳೆ ತಾಗದಂತೆ ಮುಚ್ಚಿಟ್ಟುಕೊಳ್ಳಬೇಕು.

ಮಳೆ ಹಿಡಿದ ಮೇಲೆ ಕೊಳೆ ಕಂಡರೆ ಶೇಕಡಾ ಒಂದರ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣ ಸಾಲದೆ ಹೋದರೆ ಎಳೆ ಎಲೆ ಸುಡುತ್ತದೆ. ಅದಕ್ಕೆ ಉಜ್ಜಿ ತೊಳೆದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಹತ್ತಿದರೆ ಇನ್ನೂ ಸುಣ್ಣ ಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗದ ವಿರುದ್ಧ ಬಳಕೆಗೆ ತಂದದ್ದು ಇದೇ ದ್ರಾವಣವನ್ನು. ಅಡಿಕೆ ಗೊನೆ ಕೊಳೆಸುವ ಆ ರೋಗಾಣುವೂ ಫೈಟೋಫ್ಥೊರಾ ಕುಲದ್ದೇ. ಬೋರ್ಡೋ ಸುರಿದ ಮಣ್ಣಿಗೆ ಬೆನ್ನಿಗೇ ಟ್ರೈಕೋಡರ್ಮಾ ಹಾಕುವುದು ಮಾತ್ರ ದಂಡ, ತಾಮ್ರ ಅದನ್ನೂ ಬಿಡುವುದಿಲ್ಲ.

ಏರುಮಡಿಗೆ ಒಂದು ಬೆಲೆಯೂ ಇದೆ. ಮಳೆಗಾಲದಲ್ಲಿ ಬೇಗ ಬಸಿಯುವ ಮಣ್ಣು ಏಪ್ರಿಲ್‌ನಲ್ಲಿ ಬೇಗ ಒಣಗುತ್ತದೆ, ಮೇಲಿನಿಂದಲೂ ಬದಿಯಿಂದಲೂ ಕಾಯುತ್ತದೆ. ಚಳಿದೇಶಗಳ ತೋಟಗಾರರು ತಮ್ಮ ವಿಡಿಯೊಗಳಲ್ಲಿ ಏರುಮಡಿಯನ್ನು ಹೊಗಳುವುದು ವಸಂತದಲ್ಲಿ ಮಣ್ಣು ಬೇಗ ಬೆಚ್ಚಗಾಗುತ್ತದೆ ಎಂದು. ನಮಗೆ ಆ ಬಿಸಿ ಬೇಡ. ಆದ್ದರಿಂದ ಬೇಸಿಗೆ ಕಳೆಯುವ ತನಕ ದರಗಿನ (ಒಣ ಎಲೆಯ) ಹೊದಿಕೆ, ಮೇಲೊಂದು ಚಪ್ಪರ ಅಥವಾ ನೆರಳುಪರದೆ, ಬೆಳಗ್ಗೆ ರೋಸ್ ಕ್ಯಾನಿನಲ್ಲಿ ನೀರು. ಜೂನ್ ಹತ್ತಿರವಾದಂತೆ ನೆರಳನ್ನು ಹಂತಹಂತವಾಗಿ ತೆಳುವಾಗಿಸಬೇಕು. ಮೋಡದ ದಿನಗಳಲ್ಲಿ ದಟ್ಟ ನೆರಳೂ ಸೇರಿದರೆ ಸಸಿ ಬಿಳಿಚಿಕೊಂಡು ಉದ್ದವಾಗುತ್ತದೆ. ವಿಜಯಪುರದಂಥ ಮಳೆ ಕಡಿಮೆಯ ಸೀಮೆಯಲ್ಲೋ, ನೀರು ಬಲುಬೇಗ ಇಂಗುವ ಮರಳು ನೆಲದಲ್ಲೋ ಬೇಸಿಗೆಯ ಸಸಿಗೆ ನೆಲಮಟ್ಟದ ಅಥವಾ ತುಸು ತಗ್ಗಿನ ಪಾತಿಯೇ ಸರಿ. ಅಲ್ಲಿ ಮಡಿ ಎತ್ತರಿಸುವುದು ಕೊಡದಲ್ಲಿ ತಂದ ನೀರನ್ನು ಗಾಳಿಗೆ ಕೊಟ್ಟಂತೆ.

ಕೊನೆಗೆ ಕೀಳುವ ಕೆಲಸ. ಮಡಿಯಲ್ಲಿ ನೇರ ಬೆಳೆಸಿದ ಸಸಿಯನ್ನು ಹಿಂದಿನ ದಿನ ನೀರು ಕೊಟ್ಟು, ಸುತ್ತ ಗುದ್ದಲಿ ಇಳಿಸಿ, ಮಣ್ಣಿನ ಹೆಂಟೆ ಸಹಿತ ಎತ್ತಬೇಕು. ಹೆಂಟೆ ಒಡೆಯದಿರಲಿ ಎಂದರೆ ಮಣ್ಣಿನಲ್ಲಿ ಒಂದಿಷ್ಟು ಜಿಗುಟು ಇರಬೇಕು. ಮರಳೇ ತುಂಬಿದ ಎರಡನೇ ಮಡಿ ಇಲ್ಲಿ ಕೈಕೊಡುತ್ತದೆ. ಅಡಿಕೆಯಲ್ಲಿ ಐದಕ್ಕಿಂತ ಹೆಚ್ಚು ಎಲೆಯಿರುವ, ಗಿಡ್ಡಗೆ ಬುಡ ದಪ್ಪವಿರುವವನ್ನು ಆರಿಸಿ. ಎತ್ತರವಾಗಿ ಸಣಕಲಾದದ್ದು ನೆರಳಿನಲ್ಲಿ ಬೆಳಕು ಹುಡುಕಿ ಬೆಳೆದದ್ದು, ಅದನ್ನು ಬಿಟ್ಟರೆ ನಷ್ಟವಿಲ್ಲ. ಖಾಲಿಯಾದ ಮಡಿಯಲ್ಲಿ ಮರುವರ್ಷ ಅದೇ ಬೆಳೆಯ ಸಸಿ ಬೇಡ. ಬೇರುಗಂಟಿನ ಜಂತುಹುಳು ಇದ್ದ ಜಾಗವಾದರೆ ಒಂದು ಫಸಲು ಚೆಂಡುಹೂ ಹಾಕಿ, ಹೂ ಕೊಯ್ದು ಗಿಡವನ್ನು ಅಲ್ಲೇ ಕಡಿದು ಮಣ್ಣಿಗೆ ಸೇರಿಸಿ, ಬೇಸಿಗೆಗೆ ಮತ್ತೆ ಹಾಳೆ ಹೊದಿಸಬಹುದು.